ಕನ್ನಡಿಯಿಲ್ಲದ ಕ್ಯಾಮೆರಾ: ಮೊದಲು ಗೂಬೆ, ಆಮೇಲೆ ಕೂಗು

ಶ್ರೀದೇವಿ ಗುಂಡಿ ಒತ್ತಿದಳು. ಸದ್ದೇ ಆಗಲಿಲ್ಲ.

ಮತ್ತೊಮ್ಮೆ ಒತ್ತಿದಳು. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಎದುರಿನ ಕೊರಕಲು ಮೂಡಿ ಮರೆಯಾಯಿತು. ಲೆನ್ಸಿನ ಗಾಜು ಬಿರಿದಿದ್ದರಿಂದ ಚಿತ್ರದ ಒಂದು ಬದಿ ಮಂಜುಗಟ್ಟಿತ್ತು. ಆದರೆ ನಡುವೆ, ಮಣ್ಣಿನ ಚಾಚಿನ ಮೇಲೆ ಕೂತಿದ್ದ ಕೊಂಬಿನ ಗೂಬೆ ಸ್ಪಷ್ಟವಾಗಿತ್ತು. ಅದು ಒಂದು ಕಣ್ಣು ಅರ್ಧ ತೆರೆದು ಇವಳತ್ತ ನೋಡಿ, ತಲೆಕೆಡಿಸಿಕೊಳ್ಳದೆ ಮತ್ತೆ ಮುಚ್ಚಿಕೊಂಡಿತು.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯ ಸೈನೈಡ್ ದಿಬ್ಬದ ನೆತ್ತಿ ಅದು. ಚಿನ್ನ ತೆಗೆದು ಚೆಲ್ಲಿದ ಪುಡಿಮಣ್ಣು ಗುಡ್ಡವಾಗಿ ನಿಂತು, ಮಳೆನೀರಿಗೆ ಕೊರೆದು ಸೀಳುಸೀಳಾಗಿತ್ತು. ಅಂಥ ಒಂದು ಸೀಳಿಗೆ ಬಿದ್ದು ಬಂಗಾರಪೇಟೆಯ ಮದುವೆ ಫೋಟೋಗ್ರಾಫರ್ ಬಾಲಾಜಿ ಸತ್ತು ವಾರವಾಗಿತ್ತು. ಕಾಲು ಜಾರಿದ್ದಲ್ಲ. ಅವನ ಎರಡೂ ತೋಳುಗಳ ಮೇಲೆ ಯಾರೋ ಬಲವಾಗಿ ಹಿಡಿದ ಬೆರಳುಗಳ ಕಲೆಗಳಿದ್ದವು. ಅವನ ಕ್ಯಾಮೆರಾದೊಳಗಿನ ಕಾರ್ಡ್ ಕಾಣೆಯಾಗಿತ್ತು.

ಸಬ್‌ಇನ್ಸ್‌ಪೆಕ್ಟರ್ ಶ್ರೀದೇವಿಯ ಕೈಯಲ್ಲಿದ್ದದ್ದು ಅದೇ ಕ್ಯಾಮೆರಾ. ಬೆರಳಗುರುತು ತಜ್ಞರು ನೋಡಿ ಮುಗಿಸಿ ಬೆಳಿಗ್ಗೆ ತಾನೇ ಹಿಂದಿರುಗಿಸಿದ್ದರು. ಅವಳು ಬೇರೊಂದು ಕಾರ್ಡ್ ಹಾಕಿದ್ದಳಷ್ಟೇ, ಮಿಕ್ಕ ಯಾವುದನ್ನೂ ಮುಟ್ಟಿರಲಿಲ್ಲ. ಬಾಲಾಜಿ ಕೊನೆಯ ಬಾರಿ ಹೇಗೆ ಇಟ್ಟಿದ್ದನೋ ಹಾಗೇ ಇತ್ತು. ಪರದೆಯ ಮೂಲೆಯಲ್ಲಿ ಸಣ್ಣ ಗುರುತೊಂದು ಹೇಳುತ್ತಿತ್ತು: ಸೈಲೆಂಟ್.

ಅವಳು ಜೇಬಿನಿಂದ ಫೋನ್ ತೆಗೆದು ಸುಧಾಕರ್ ಕೊಟ್ಟ ಹೇಳಿಕೆಯನ್ನು ಮತ್ತೆ ಕೇಳಿದಳು. ಬಾಲಾಜಿಗೆ ಕೆಲಸ ಕಲಿಸಿದ ಗುರು, ಅಂಗಡಿಯಲ್ಲಿ ಪಾಲುದಾರ, ಈಗ ಒಬ್ಬನೇ ಶಂಕಿತ.

"ನಾನು ದಿಬ್ಬದ ಕೆಳಗೇ ಇದ್ದೆ ಮೇಡಂ. ಹತ್ತೋಕಾಗ್ದೆ ಕೂತ್ಕೊಂಡಿದ್ದೆ. ಮೇಲಿಂದ ಕ್ಯಾಮೆರಾ ಟಕ್ ಟಕ್ ಅನ್ನೋದು ಕೇಳ್ತು. ಆಮೇಲೆ ಕೂಗು..."

ಶ್ರೀದೇವಿ ಕೊನೆಯ ಸಲ ಗುಂಡಿ ಒತ್ತಿದಳು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಟಕ್ ಎನ್ನದ ಕ್ಯಾಮೆರಾದ ಸದ್ದನ್ನು ಇವನು ಕೇಳಿದ್ದು ಹೇಗೆ?

ಅವಳು ಕೆಳಗಿಳಿದು ಬಂದಾಗ ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಕೋದಂಡಪ್ಪ ಸ್ಟೀರಿಂಗ್ ಮುಂದೆಯೇ ಕೂತಿದ್ದ. ಮೊಣಕಾಲು ಹಿಡಿದುಕೊಂಡಿದೆ, ದಿಬ್ಬ ಹತ್ತಲಾರೆ ಎಂದಿದ್ದ. ಜೀಪಿಗೆ ಒರಗಿ ಅಮ್ಮಾಜಮ್ಮ ಎಲೆಅಡಿಕೆ ಜಗಿಯುತ್ತಿದ್ದಳು. ದಿಬ್ಬದ ಸುತ್ತ ಮೇಕೆ ಮೇಯಿಸುವ ಮುದುಕಿ. ಬಾಲಾಜಿ ಸತ್ತ ಸಂಜೆ ಒಬ್ಬ ಗಂಡಸು ದಿಬ್ಬದ ನಂದಿದುರ್ಗ ಗಣಿಯ ಕಡೆಯಿಂದ ಇಳಿದು ಹೋದದ್ದನ್ನು ಕಂಡವಳು ಅವಳೊಬ್ಬಳೇ.

"ಮುಖ ಕಾಣ್ಲಿಲ್ಲ ತಾಯಿ," ಎಂದಳು ಮತ್ತೆ. "ಬೆಳಕು ಅವ್ನ ಇಂದೆ ಇತ್ತು. ಆದ್ರೆ ನಡ್ಯೋದು ನೋಡಿದ್ರೆ ಏಳ್ಬಿಡ್ತೀನಿ. ನನ್ ಮೇಕೆಗೋಳ್ನ ನಾನು ಅಂಗೇ ಗುರ್ತಿಡಿಯೋದು."

"ಬನ್ನಿ, ಜೀಪು ಹತ್ತಿ. ಬಂಗಾರಪೇಟೆಗೆ ಹೋಗೋಣ. ಒಬ್ಬ ಮನುಷ್ಯ ಅಂಗಡಿಯಿಂದ ಆಚೆ ನಡ್ಕೊಂಡು ಬರ್ತಾನೆ. ಜೀಪಿಂದಲೇ ನೋಡಿ ಹೇಳಿ, ಸಾಕು."

"ನನ್ ಮೇಕೆ?"

"ನಿಮ್ಮ ಸೊಸೆಗೆ ಹೇಳಿದೀನಿ."

ಕೋದಂಡಪ್ಪ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. "ಮೇಡಂ, ಈ ವಯಸ್ಸಲ್ಲಿ ಇವ್ರ ಕಣ್ಣು ನಂಬಿ ಕೋರ್ಟಿಗೆ ಓಗೋಕಾಗ್ತದಾ? ಸುಧಾಕರನ್ನ ನೇರವಾಗಿ ಎತ್ತಾಕ್ಕೊಂಡು ಬರೋಣ. ಸಾಹೇಬ್ರು ಸಂಜೆಯೊಳಗೆ ಅಂದವ್ರೆ."

"ಗಾಡಿ ಬಿಡ್ರಿ ಕೋದಂಡಪ್ಪ."

ಜೀಪು ರಸ್ತೆಗೆ ಬಂದ ಮೇಲೆ ಶ್ರೀದೇವಿ ತನ್ನಷ್ಟಕ್ಕೇ ಹೇಳಿಕೊಂಡಳು: "ಆ ಗೂಬೆ ಅಲ್ಲಾಡ್ಲೇ ಇಲ್ಲ. ಅಷ್ಟು ಹತ್ತಿರ ನಿಂತು ಫೋಟೋ ತೆಗೆದೆ."

"ಅವತ್ತು ಅಂಗಲ್ಲಮ್ಮ," ಎಂದಳು ಅಮ್ಮಾಜಮ್ಮ. "ಅವತ್ತು ಬೆಳಕಿರಂಗೇ ಎದ್ದು ಆರ್ತು. ರೆಕ್ಕೆ ಬಡಿಯೋದ್ ನೋಡಿ ನನ್ ಮೇಕೆಗೋಳು ಚೆದ್ರೋದ್ವು. ಅದ್ಕೇ ನಾನು ತಲೆ ಎತ್ತಿ ನೋಡಿದ್ದು."

"ಬಾಲಾಜಿ ಬಿದ್ದ ಸದ್ದಿಗೆ ಆರಿರ್ತದೆ," ಎಂದ ಕೋದಂಡಪ್ಪ, ರಸ್ತೆಯಿಂದ ಕಣ್ಣು ಕೀಳದೆ.

"ಅಲ್ಲ. ಮೊದ್ಲು ಗೂಬೆ, ಆಮೇಲೆ ಕೂಗು. ನಾನೇನ್ ಕಿವುಡೀನಾ?"

ಶ್ರೀದೇವಿ ಅದನ್ನು ಕೇಳಿಸಿಕೊಂಡಳು. ಆದರೆ ಅವಳ ಮನಸ್ಸು ಆಗಲೇ ಸುಧಾಕರನ ಅಂಗಡಿಯಲ್ಲಿತ್ತು.

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಅಂಗಡಿಯ ಮುಂದೆ ಜನ ಸೇರಿದ್ದರು. ಪಾನಿಪೂರಿ ಗಾಡಿಯವನು ತನ್ನ ಗಾಡಿಯನ್ನು ದೂರ ತಳ್ಳಿಕೊಂಡು ಹೋಗಿದ್ದ. ಬೂದಿಕೋಟೆಯಿಂದ ಬಂದಿದ್ದ ಬಾಲಾಜಿಯ ಚಿಕ್ಕಪ್ಪ ಸೀನಪ್ಪ ಶಟರ್‌ಗೆ ಗುದ್ದುತ್ತಿದ್ದ.

"ಆಚೆ ಬಾರೋ! ನನ್ ಮಗನ್ನ ತಿಂದ್ಕೊಂಡು ಒಳಗೆ ಕೂತಿದೀಯಾ?"

ಮೆಟ್ಟಿಲ ಮೇಲೆ ಬಾಲಾಜಿಯ ಹೆಂಡತಿ ಪುಷ್ಪ ಕೂತಿದ್ದಳು. ಮಿಕ್ಕ ಹೆಂಗಸರು ಅಳುತ್ತಿದ್ದರು, ಶಪಿಸುತ್ತಿದ್ದರು. ಅವಳು ಮಾತ್ರ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ನೆಲ ನೋಡುತ್ತಿದ್ದಳು.

"ಕೋದಂಡಪ್ಪ, ನೀವು ಜೀಪಲ್ಲೇ ಇರಿ. ಅಜ್ಜಿ ಜೊತೆ," ಎಂದು ಹೇಳಿ ಶ್ರೀದೇವಿ ಜನರನ್ನು ಸರಿಸಿ, ಒಳಗಿನಿಂದ ಅರ್ಧ ಎತ್ತಿಸಿದ ಶಟರ್ ಕೆಳಗೆ ಬಗ್ಗಿ ಒಳಗೆ ಹೋದಳು.

ಸುಧಾಕರ್ ಗಾಜಿನ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಐವತ್ತು ದಾಟಿದ ಮನುಷ್ಯ. ವಾರದಿಂದ ಗಡ್ಡ ಬೋಳಿಸಿರಲಿಲ್ಲ. ಕಪಾಟಿನ ತುಂಬ ಹಳೆಯ ಕ್ಯಾಮೆರಾಗಳು, ದಪ್ಪ ಲೆನ್ಸುಗಳು, ಎಲ್ಲದರ ಮೇಲೂ ತೆಳುವಾದ ಧೂಳು.

"ಅರೆಸ್ಟ್ ಮಾಡೋಕೆ ಬಂದ್ರಾ?"

"ಮೊದಲು ಮಾತಾಡೋಕೆ." ಶ್ರೀದೇವಿ ಬಾಲಾಜಿಯ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಸುಧಾಕರನ ಕಣ್ಣು ನೇರ ಲೆನ್ಸಿನ ಮೇಲೆ ಬಿತ್ತು. ಬಿರಿದ ಗಾಜನ್ನು ನೋಡಿ ಅವನು ಮುಖ ತಿರುಗಿಸಿಕೊಂಡ.

"ಲೆನ್ಸ್ ನಿಮ್ಮದು."

"ನಂದೇ. ನನ್ ಮದ್ವೆ ಆದ ವರ್ಷ ತಗೊಂಡಿದ್ದು. ಅದ್ರಲ್ಲಿ ತೆಗೆದಿರೋ ಹೆಣ್ಣುಗಂಡುಗಳ ಮಕ್ಕಳ ಮದ್ವೇನೂ ಅದ್ರಲ್ಲೇ ತೆಗೆದಿದೀನಿ."

"ಬಾಲಾಜಿ ಇದನ್ನ ನಿಮ್ಮನ್ನ ಕೇಳದೇ ತಗೊಂಡು ಹೋಗಿದ್ದ. ಅದಕ್ಕೆ ಜಗಳ. 'ಈ ಹೊಸ ಕ್ಯಾಮೆರಾನೇ ಒಂದಿನ ನಿನ್ನ ತಿಂದಾಕುತ್ತೆ' ಅಂತ ಇದೇ ಅಂಗಡೀಲಿ ಕೂಗಾಡಿದ್ರಿ. ಬೀದಿಯವರೆಲ್ಲ ಕೇಳಿದಾರೆ."

"ಅಂದೆ. ಸಿಟ್ಟಲ್ಲಿ ಅಂದೆ." ಸುಧಾಕರ್ ಅಂಗೈಯಿಂದ ಮುಖ ಒರೆಸಿಕೊಂಡ. "ಇದ್ದಬದ್ದ ಕ್ಯಾಮೆರಾ ಎಲ್ಲಾ ಮಾರ್ಬಿಡೋಣ ಅಣ್ಣ, ಕನ್ನಡಿ ಕಾಲ ಮುಗೀತು ಅಂದ. ನಮ್ದರಲ್ಲಿ ಲೆನ್ಸಿನ ಇಂದೆ ಒಂದು ಕನ್ನಡಿ ಇರ್ತದೆ ಮೇಡಂ. ಅದ್ರಲ್ಲಿ ಬಿದ್ದ ಬೆಳಕನ್ನೇ ನಾವು ಕಣ್ಣಿಟ್ಟು ನೋಡೋದು. ಗುಂಡಿ ಒತ್ತಿದ್ರೆ ಆ ಕನ್ನಡಿ ಟಕ್ ಅಂತ ಎದ್ದು ಬೀಳ್ತದೆ. ಅವನ್ದರಲ್ಲಿ ಕನ್ನಡೀನೇ ಇಲ್ಲ. ಕಣ್ಣಿಟ್ರೆ ಒಳಗೆ ಸಣ್ಣದೊಂದು ಟೀವಿ. ಮದ್ವೆ ಮನೇಲಿ ಹುಡುಗಿ ಮುಖ ನೋಡೋದು ಬಿಟ್ಟು ಟೀವಿ ನೋಡೋದಾ ಅಂತ ನಾನು ಬೈದೆ."

"ಆಮೇಲೆ ದಿಬ್ಬಕ್ಕೆ ಹೋದ್ರಿ."

"ಅವ್ನೇ ಕರೆದ. ನಿನ್ ಹಳೇ ಲೆನ್ಸಿಗೆ ಬಳೆಯಂಥ ಒಂದು ಅಡಾಪ್ಟರ್ ಹಾಕಿ ಹೊಸದಕ್ಕೆ ಕೂರ್ಸಿದೀನಿ, ಬಂದ್ ನೋಡಣ್ಣ, ಎರಡೂ ಒಂದಾಗ್ತವೆ ಅಂದ. ರಾಜಿ ಮಾಡ್ಕೊಳೋಕೆ ಕರೆದ ಮೇಡಂ." ಸುಧಾಕರ್ ಲೆನ್ಸಿನ ಬಿರುಕು ಸವರಿದ. "ನಾನು ಅರ್ಧ ಹತ್ತಿ ಏದುಸಿರು ಬಂದು ಕೆಳಗೆ ಇಳ್ದು ಕೂತೆ."

"ಕೂತಾಗ ಏನು ಕೇಳಿಸ್ತು?"

ಸುಧಾಕರ್ ಶಟರ್ ಕಡೆ ನೋಡಿದ.

ಶ್ರೀದೇವಿ ಕ್ಯಾಮೆರಾ ಎತ್ತಿ ಅವನ ಮುಖಕ್ಕೆ ಹಿಡಿದು ಗುಂಡಿ ಒತ್ತಿದಳು. ಒತ್ತಿದಳು. ಒತ್ತಿದಳು. ಅಂಗಡಿಯೊಳಗೆ ಹೊರಗಿನ ಗಲಾಟೆ ಬಿಟ್ಟರೆ ಬೇರೆ ಸದ್ದಿಲ್ಲ.

"ಈ ಸದ್ದು ಕೇಳಿದ್ರಾ ಸುಧಾಕರ್? ಟಕ್ ಟಕ್?"

ಅವನ ಮುಖದ ಬಣ್ಣ ಇಳಿಯಿತು. ಆದರೆ ಸಿಕ್ಕಿಬಿದ್ದವನ ಗಾಬರಿ ಅದಾಗಿರಲಿಲ್ಲ. ಯಾವ ಪ್ರಶ್ನೆ ಬರಬಾರದೆಂದು ಕಾಯುತ್ತಿದ್ದನೋ ಅದು ಬಂದಂತಿತ್ತು.

"ತಪ್ಪು ಏಳಿದೆ ಮೇಡಂ. ಏನೂ ಕೇಳಿಸ್ಲಿಲ್ಲ. ಗಾಬ್ರೀಲಿ ಏಳ್ಬಿಟ್ಟೆ."

"ಏನೂ ಕೇಳಿಸ್ಲಿಲ್ಲ?"

"ಇಲ್ಲ. ಬರೀ ಕೂಗು."

ಶ್ರೀದೇವಿ ಕ್ಯಾಮೆರಾ ಕೆಳಗಿಟ್ಟಳು. ಕೈಕೋಳ ತೆಗೆಯಬೇಕೆಂದು ಸೊಂಟಕ್ಕೆ ಹೋದ ಕೈ ಅಲ್ಲೇ ನಿಂತಿತು. ಸುಳ್ಳು ಹೇಳುವವನು ಸಿಕ್ಕಿಬಿದ್ದಾಗ ಇನ್ನೊಂದು ಸುಳ್ಳು ಕಟ್ಟುತ್ತಾನೆ. ಸೈಲೆಂಟ್ ಆಮೇಲೆ ಹಾಕಿರಬಹುದು ಎನ್ನಬಹುದಿತ್ತು, ಬೇರೆ ಏನೋ ಸದ್ದು ಎನ್ನಬಹುದಿತ್ತು. ಈ ಮನುಷ್ಯ ವಾದವನ್ನೇ ಮಾಡದೆ ತನ್ನ ಮಾತನ್ನು ನುಂಗಿಬಿಟ್ಟ.

ಜೀಪಿನಲ್ಲಿ ಕೇಳಿದ ಮಾತು ಆಗ ಅವಳ ತಲೆಯಲ್ಲಿ ನೆಟ್ಟಗೆ ನಿಂತಿತು. ಮೊದಲು ಗೂಬೆ, ಆಮೇಲೆ ಕೂಗು.

"ಬಾಲಾಜಿ ಸೈಲೆಂಟ್ ಯಾಕೆ ಹಾಕಿದ್ದ?"

"ಗೂಬೆ ಎದ್ದೋಗ್ದೆ ಇರ್ಲಿ ಅಂತ."

"ಅದರ ಮುಂದೆ ನಾನು ಈಗ ತಾನೇ ನಿಂತು ಬಂದೆ. ಅದು ಕದಲಲಿಲ್ಲ. ಆದರೆ ಅವತ್ತು ಹಾರಿತು. ಕೂಗಿಗಿಂತ ಮೊದಲೇ ಹಾರಿತು. ಕೆಳಗೆ ಮೇಕೆ ಕಾಯ್ತಿದ್ದ ಅಜ್ಜಿ ನೋಡಿದಾಳೆ. ಏನಕ್ಕೆ ಹಾರಿತು ಸುಧಾಕರ್?"

ಅವನು ಎದ್ದು ನಿಂತ. ಕೂತ. ಮತ್ತೆ ಎದ್ದ.

"ನೀವು ಮೊದಲು ಹೇಳಿದ್ದೇ ನಿಜ," ಎಂದಳು ಶ್ರೀದೇವಿ ಮೆಲ್ಲಗೆ. "ಈಗ ಹೇಳ್ತಿರೋದು ಸುಳ್ಳು. ದಿಬ್ಬದ ಮೇಲೆ ಇನ್ನೊಂದು ಕ್ಯಾಮೆರಾ ಇತ್ತು. ಕನ್ನಡಿ ಇರೋ ಕ್ಯಾಮೆರಾ. ಅವತ್ತು ಗಾಬರೀಲಿ ಕೇಳಿದ್ದನ್ನ ಹೇಳಿಬಿಟ್ರಿ. ಆಮೇಲೆ ಯೋಚನೆ ಮಾಡಿದಾಗ ಅದು ಯಾರ ಕೈಲಿತ್ತು ಅಂತ ನಿಮಗೆ ಗೊತ್ತಾಯ್ತು."

"ಇಲ್ಲ."

ಅವಳು ಕಪಾಟಿನತ್ತ ತಿರುಗಿದಳು. ಧೂಳು ಹಿಡಿದ ಕ್ಯಾಮೆರಾಗಳ ಸಾಲಿನಲ್ಲಿ ಒಂದು ಜಾಗ ಖಾಲಿ. ಅಷ್ಟಗಲ ಗಾಜು ಮಾತ್ರ ಹೊಳೆಯುತ್ತಿತ್ತು.

"ಇಲ್ಲಿದ್ದದ್ದು ಎಲ್ಲಿ?"

"ಕೊಟ್ಟೆ."

"ಯಾರಿಗೆ?"

ಹೊರಗೆ ಯಾರೋ ಶಟರ್‌ಗೆ ಕಲ್ಲು ತೂರಿದರು. ತಗಡು ಗಡಗಡ ಎಂದಿತು. ಸುಧಾಕರ್ ಬೆಚ್ಚಲಿಲ್ಲ. ಅವನ ಮುಖದಲ್ಲಿ ಏನೋ ನಿಶ್ಚಯವಾದಂತಿತ್ತು. ಎರಡೂ ಕೈ ಜೋಡಿಸಿ ಮುಂದೆ ಚಾಚಿದ.

"ಕೋಳ ಆಕಿ ಮೇಡಂ. ನಾನೇ ತಳ್ಳಿದೆ."

"ಏನಂದ್ರಿ?"

"ಲೆನ್ಸ್ ಕೊಡು ಅಂದೆ, ಕೊಡ್ಲಿಲ್ಲ. ತಳ್ಬಿಟ್ಟೆ. ಬರ್ಕೊಳ್ಳಿ. ಆಚೆ ಜನಕ್ಕೂ ಅದೇ ಬೇಕು, ನಿಮ್ ಸಾಹೇಬ್ರಿಗೂ ಅದೇ ಬೇಕು."

"ಅರ್ಧ ದಿಬ್ಬ ಹತ್ತೋಕೆ ಉಸಿರಿಲ್ಲದೋರು ನೆತ್ತಿ ಹತ್ತಿ ಅವನನ್ನ ತೋಳು ಹಿಡಿದು ತಳ್ಳಿದ್ರಾ?"

"ಸಿಟ್ಟಲ್ಲಿ ಹತ್ತಿದೆ."

"ಅವನ ಕಾರ್ಡ್ ಎಲ್ಲಿ?"

"ಕಾರ್ಡಾ?"

"ಬಾಲಾಜಿ ಕ್ಯಾಮೆರಾದ ಕಾರ್ಡ್. ತಳ್ಳಿದವನು ತೆಗೆದುಕೊಂಡು ಹೋಗಿದಾನೆ. ಎಲ್ಲಿಟ್ಟಿದೀರಿ?"

ಸುಧಾಕರ್ ಚಾಚಿದ ಕೈ ಇಳಿಸಿದ. ಆ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ.

"ಅಣ್ಣಾ, ಸಾಕು."

ಇಬ್ಬರೂ ತಿರುಗಿದರು. ಶಟರ್ ಕೆಳಗೆ ಬಗ್ಗಿ ಪುಷ್ಪ ಒಳಗೆ ಬಂದಿದ್ದಳು.

"ನೀನ್ ಆಚೆ ಓಗಮ್ಮ!" ಸುಧಾಕರ್ ಅರಚಿದ. "ಇಲ್ಲೇನೈತೆ ನಿಂಗೆ? ಓಗು!"

"ಎಷ್ಟ್ ದಿನ ಅಂತ ಮುಚ್ಚಿಡ್ತೀಯಣ್ಣ?" ಅವಳು ಶ್ರೀದೇವಿಯ ಎದುರು ಬಂದು ನಿಂತಳು. "ಆ ಕ್ಯಾಮೆರಾ ನನ್ ಅತ್ರ ಐತೆ ಮೇಡಂ. ಅಣ್ಣ ನಂಗೆ ಕಲಿಸ್ತಿದ್ರು. ಬಾಲಾಜಿಗೆ ಗೊತ್ತಿರ್ಲಿಲ್ಲ."

ಸುಧಾಕರ್ ಕುರ್ಚಿಯಲ್ಲಿ ಕುಸಿದ.

"ಗೂಬೆ ಪಟ ನಾನೂ ತೆಗೀತೀನಿ, ಕರ್ಕೊಂಡೋಗು ಅಂದೆ," ಎಂದಳು ಪುಷ್ಪ. "ನಕ್ಕ. ಹಳೇದು ಟಕ್ ಅಂದ್ರೆ ಗೂಬೆ ಇರಲ್ಲ, ಸುಮ್ನಿರು ಅಂದ. ನಂಗೆ ಹಟ ಬಂತು. ಅವ್ನಿಗಿಂತ ಮೊದ್ಲೇ ಬಸ್ ಹತ್ತಿ ಓಗಿ, ಸೀಳಿನ ಆ ಕಡೆ ಮಲಗ್ಕೊಂಡೆ. ಮನೇಗ್ ಬಂದ್ಮೇಲೆ ಪಟ ತೋರ್ಸಿ ಅವ್ನ ಬಾಯಿ ಮುಚ್ಚಿಸ್ಬೇಕು ಅಂತ."

ಸೆರಗು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಬಾಲಾಜಿ ಗೂಬೆ ಕಡೆ ನೋಡ್ತಿರ್ಲಿಲ್ಲ ಮೇಡಂ. ಕ್ಯಾಮೆರಾನ ಕೆಳಗೆ, ಹಳೇ ಗಣಿ ಕಡೆ ತಿರುಗಿಸಿ ಇಟ್ಕೊಂಡಿದ್ದ. ಅಲ್ಲೇನೋ ತೆಗೀತಿದ್ದ. ಅವ್ನ ಬೆನ್ನಿಂದೆ ಒಬ್ಬ ಬಂದ. ಇಬ್ಬರೂ ಮಾತಾಡಿದ್ರು. ಆ ಮನುಷ್ಯ ಕ್ಯಾಮೆರಾಗೆ ಕೈ ಆಕ್ದ. ನಂಗ್ಯಾಕೋ ಭಯ ಆಯ್ತು. ಏನ್ ಮಾಡ್ಬೇಕೋ ಗೊತ್ತಾಗ್ದೆ ಗುಂಡಿ ಒತ್ತಿದೆ. ಒತ್ತಿದೆ. ಗೂಬೆ ಆರೋಯ್ತು. ಬಾಲಾಜಿ ತಲೆ ಎತ್ತಿ ಗೂಬೇನ ನೋಡ್ದ. ಅಷ್ಟ್ರಲ್ಲಿ ಅವ್ನು..."

"ಪುಷ್ಪಾ," ಎಂದ ಸುಧಾಕರ್. ಅಳುತ್ತಿದ್ದ.

"ನನ್ ಗಂಡನ್ನ ತಳ್ಳಿದ್ದು ನಾನಲ್ಲ ಮೇಡಂ," ಎಂದಳು ಪುಷ್ಪ. ಅವಳ ಕಣ್ಣುಗಳು ಒಣಗಿದ್ದವು. "ತಳ್ಳಿದೋನ ಪಟ ತೆಗೆದಿದ್ದು ನಾನು."

ಶ್ರೀದೇವಿಗೆ ತನ್ನ ದನಿ ತನಗೇ ದೂರದಿಂದ ಕೇಳಿದಂತಾಯಿತು. "ಯಾರು?"

"ಬೆನ್ನು ಕಾಣ್ತು. ಮುಖ ಸರಿಯಾಗಿ ಕಾಣ್ಲಿಲ್ಲ. ದೊಡ್ಡದು ಮಾಡಿ ನೋಡಿದ್ರೆ ಗೊತ್ತಾಗ್ತಿತ್ತೇನೋ. ನಂಗೆ ಧೈರ್ಯ ಬರ್ಲಿಲ್ಲ."

"ನಿಮ್ಮ ಕ್ಯಾಮೆರಾದ ಕಾರ್ಡ್ ಎಲ್ಲಿದೆ?"

ಪುಷ್ಪ ಅಚ್ಚರಿಯಿಂದ ಅವಳನ್ನು ನೋಡಿದಳು.

"ನಿಮಗೆ ಕೊಟ್ನಲ್ಲ."

"ನನಗಾ?"

"ಮಾರನೇ ದಿನಾನೇ ಸ್ಟೇಷನ್ನಿಗೆ ಬಂದೆ. ನೀವು ಆಸ್ಪತ್ರೇಲಿ ಇದ್ರಿ, ಹೆಣ ಕೊಯ್ಯೋ ಕಡೆ. ಅಲ್ಲಿದ್ದೋರೊಬ್ರು, ಮೇಡಂ ಕೈಗೇ ನಾನು ಕೊಡ್ತೀನಿ, ನೀನು ದಿಬ್ಬದ ಮೇಲಿದ್ದೆ ಅಂತ ಬಾಯ್ ಬಿಟ್ರೆ ನಿನ್ನೇ ಮೊದ್ಲು ಒಳಗಾಕ್ತಾರೆ, ಮಾತಾಡ್ಬೇಡ ಅಂತ ಏಳಿ ಇಸ್ಕೊಂಡ್ರು. ಆಮೇಲೆ ಕೇಳಿದ್ರೆ ಕಾರ್ಡಲ್ಲಿ ಏನೂ ಇಲ್ಲ, ಖಾಲಿ ಅಂದ್ರು. ನೀವೂ ನನ್ನ ಕರೀಲಿಲ್ಲ. ಸುಧಾಕರಣ್ಣನ್ನ ಇಡೀತಿದ್ದಾರೆ ಅಂದಾಗ ನಂಗೆ..."

"ಇಸ್ಕೊಂಡೋರು ಯಾರು ಪುಷ್ಪಾ?"

ಪುಷ್ಪ ಕೈ ಎತ್ತಿ ಶಟರ್ ಕಡೆ ತೋರಿಸಿದಳು.

"ಅವ್ರೇ. ನಿಮ್ ಜೀಪ್ ಓಡ್ಸೋರು."

ಶ್ರೀದೇವಿ ಬಗ್ಗಿದ್ದೂ ಗೊತ್ತಾಗಲಿಲ್ಲ, ಹೊರಗೆ ಬಂದದ್ದೂ ಗೊತ್ತಾಗಲಿಲ್ಲ. ಭುಜ ತಗಡಿಗೆ ಉಜ್ಜಿ ಉರಿಯುತ್ತಿತ್ತು. ಜನ ಚದುರಿ ರಸ್ತೆಯ ಆಚೆ ಬದಿಗೆ ಸರಿದಿದ್ದರು. ಜೀಪು ನಿಂತಿದ್ದ ಜಾಗದಲ್ಲಿ ಜೀಪಿರಲಿಲ್ಲ.

ಸೀನಪ್ಪ ಒಬ್ಬನೇ ಮೆಟ್ಟಿಲ ಹತ್ತಿರ ನಿಂತಿದ್ದ.

"ಜೀಪೆಲ್ಲಿ?"

"ಈಗ್ಲೇ ಓಯ್ತಲ್ಲಮ್ಮ." ಅವನು ತಡವರಿಸಿದ. "ನಮ್ ಕಡೆ ಹುಡುಗ್ರು ಕಲ್ಲೆತ್ತಿದ್ರು ನೋಡಿ, ಜೀಪಲ್ಲಿದ್ದ ಪೊಲೀಸ್ನೋರು ಇಳ್ದು ಬಂದು ಎಲ್ರುನ್ನೂ ಅಟ್ಟಿದ್ರು. ತಿರುಗಿ ಜೀಪ್ ಅತ್ರ ನಡ್ಕೊಂಡು ಓಗ್ತಿದ್ದಂಗೆ ಸೀಟಿಂದ ಅವ್ರನ್ನೇ ನೋಡ್ತಿದ್ದ ಅಜ್ಜಿ ಯಾಕೋ ಕಿಟಾರ್ ಅಂತ ಕಿರುಚ್ಕೊಂಡ್ಳು."

"ಆಮೇಲೆ?"

"ಬಿಸಿಲಿಗೆ ತಲೆ ತಿರುಗೈತೆ, ಆಸ್ಪತ್ರೆಗೆ ಕರ್ಕೊಂಡೋಗ್ತೀನಿ ಅಂದ್ರು. ಬಾಗಿಲು ಆಕ್ಕೊಂಡು ಓದ್ರು."

"ಯಾವ ಕಡೆ ಹೋದ್ರು?"

ಆಸ್ಪತ್ರೆ ಇದ್ದದ್ದು ಎಡಕ್ಕೆ. ಸೀನಪ್ಪನ ಕೈ ಬಲಕ್ಕೆ, ಕೆಜಿಎಫ್ ರಸ್ತೆಯ ಕಡೆಗೆ ಎದ್ದಿತು.